ಕ್ಯಾಸೆಟ್ಟಿನಲ್ಲಿ ರುಚಿಸಿದ ‘ನಿತ್ಯೋತ್ಸವ’ ಫೋನಿನಲ್ಲಿ ಏಕೆ ರುಚಿಸುತ್ತಿಲ್ಲ?

ಹಾಡುಗಳ ಅನುಕ್ರಮ ಕದಡಿರುವುದೇ ಬಹುಶಃ ಇದಕ್ಕೆ ಕಾರಣ. ನಿಮ್ಮ ತಂದೆಯವರು ಸೋಮವಾರಪೇಟೆಯ ಮನೆಯಲ್ಲಿ ಹಾಕುತ್ತಿದ್ದ ಕ್ಯಾಸೆಟ್ಟನ್ನು ಕೊನೆಯವರೆಗೂ ಕೇಳುತ್ತಿದ್ದ ನೀವು ಫೋನಿನಲ್ಲಿ ಮೂರನೆಯ ಹಾಡಿಗೇ ಬೇಸರಪಡುತ್ತಿದ್ದರೆ, ದೋಷ ನಿಸಾರ್ ಅಹಮದರ ಕವಿತೆಗಳದ್ದೂ ಅಲ್ಲ, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯದ್ದೂ ಅಲ್ಲ.

ಮೊದಲು ಆ್ಯಪ್‌ನಲ್ಲಿ ಹಾಡುಗಳ ಕ್ರಮ ಕಲಸುವ ಶಫಲ್ ಮತ್ತು ತಾನಾಗಿಯೇ ಬೇರೆ ಹಾಡು ಹಾಕುವ ಆಟೋಪ್ಲೇ ಎರಡನ್ನೂ ನಿಲ್ಲಿಸಿ. ಬಳಿಕ ಕ್ಯಾಸೆಟ್ ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು ಹುಡುಕಿ, ಅದರಲ್ಲಿ ‘ಎ’ ಮತ್ತು ‘ಬಿ’ ಬದಿಗಳಿಗೆ ಮುದ್ರಿಸಿರುವ ಕ್ರಮದಲ್ಲೇ ಎರಡು ಪ್ರತ್ಯೇಕ ಪ್ಲೇಲಿಸ್ಟ್ ಮಾಡಿಕೊಳ್ಳಿ. ಒಂದು ಬದಿ ಮುಗಿದೊಡನೆ ಎದ್ದು ಕ್ಯಾಸೆಟ್ ತಿರುಗಿಸುತ್ತಿದ್ದ ಆ ವಿರಾಮಕ್ಕೂ ಕೇಳುವ ಸುಖದಲ್ಲಿ ಪಾಲಿತ್ತೆಂದು ನನಗೆ ತಿಳಿದದ್ದು ಹೀಗೆ ಮಾಡಿದ ಮೇಲೆಯೇ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದೊಡನೆ ನೆಟ್‌ವರ್ಕೂ ಹೋಗುವುದರಿಂದ ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಡಿ.

ಹಳೆಯ ಕ್ಯಾಸೆಟ್ಟನ್ನೇ ಹಾಕುವ ಆಸೆಯಿದ್ದರೆ, ಕಿಟಕಿಯ ಬೆಳಕಿಗೆ ಹಿಡಿದು ಟೇಪಿನ ಸುರುಳಿಯ ಅಂಚನ್ನು ನೋಡಿ. ಅಲ್ಲಿ ಬಿಳಿಯ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಏಕೆಂದರೆ ಅದು ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ನಾನು ಹಾಗೆ ಎರಡನ್ನು ಕಳೆದುಕೊಂಡಿದ್ದೇನೆ.