ಉಗ್ಗು ಹೋಗಲಿ ಎಂದು ಕಾಯಬೇಡಿ

ಹೊಸ ದೇಶಕ್ಕೆ ಬಂದ ಮೇಲೆ ಉಗ್ಗು ಹೆಚ್ಚಾಗಿದೆ, ಅದನ್ನು ಸರಿಮಾಡಿಕೊಂಡೇ ಕೆಲಸ ಹುಡುಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ. ದೊಡ್ಡವರಾದ ಮೇಲೂ ಉಳಿದ ಉಗ್ಗು ಪೂರ್ತಿ ಹೋಗುವುದು ಅಪರೂಪ. ಹಗುರವಾಗುತ್ತದೆ, ಅದೂ ಜನರೊಡನೆ ಮಾತಾಡುತ್ತಾ ಮಾತಾಡುತ್ತಾ.

ಹೆಚ್ಚಾಗಿರುವುದಕ್ಕೆ ಕಾರಣವಿದೆ. ನಮ್ಮ ಭಾಷೆಯಲ್ಲಾದರೆ ಸಿಕ್ಕಿಕೊಳ್ಳುವ ಪದದ ಜಾಗಕ್ಕೆ ಇನ್ನೊಂದನ್ನು ಹಾಕಿ ಪಾರಾಗಬಹುದು. ಹೊಸ ಭಾಷೆಯಲ್ಲಿ ಅಷ್ಟು ಪದಗಳು ಕೈಯಲ್ಲಿರುವುದಿಲ್ಲ. ಮೇಲಾಗಿ ಕೌಂಟರಿನಲ್ಲಿ ಕೇಳುವುದೆಲ್ಲ ಹೆಸರು, ವಿಳಾಸ, ಹುಟ್ಟಿದ ದಿನ. ಇವಕ್ಕೆ ಬದಲಿ ಪದವೇ ಇಲ್ಲ.

ಆದ್ದರಿಂದ ಮೊದಲೇ ಹೇಳಿಬಿಡಿ: ‘ನನಗೆ ಉಗ್ಗಿದೆ, ಸ್ವಲ್ಪ ಸಮಯ ಕೊಡಿ.’ ಕ್ಷಮೆ ಕೇಳುವ ಧಾಟಿ ಬೇಡ. ವಲಸೆ ಅಧಿಕಾರಿಯ ಮುಂದೆ ಇದು ಇನ್ನೂ ಮುಖ್ಯ. ಉಗ್ಗಿನ ಪರಿಚಯವಿಲ್ಲದವರಿಗೆ ನಿಮ್ಮ ಮೌನ ಏನನ್ನೋ ಮುಚ್ಚಿಟ್ಟಂತೆ ಕಾಣಬಹುದು. ಫೋನಿನಲ್ಲಂತೂ ಲೈನ್ ಕಟ್ಟಾಯಿತೆಂದು ಇಟ್ಟೇಬಿಡುತ್ತಾರೆ. ಸಂದರ್ಶನವಿದ್ದರೆ ಮುಂಚೆಯೇ ಇಮೇಲಿನಲ್ಲಿ ತಿಳಿಸಿ, ಹೆಚ್ಚು ಸಮಯ ಕೇಳಿ.

ಅಭ್ಯಾಸಕ್ಕೆ ಅಮೆರಿಕದ ಮಾತಿನ ಥೆರಪಿಸ್ಟ್ ಚಾರ್ಲ್ಸ್ ವ್ಯಾನ್ ರೈಪರ್ ರೂಪಿಸಿದ ಕ್ರಮ ಒಳ್ಳೆಯದು. ಮೊದಲು ಕಲಿಯುವುದು ಉಗ್ಗಿದ ಮೇಲೆ ಏನು ಮಾಡಬೇಕೆಂಬುದನ್ನು. ಪದವನ್ನು ಉಗ್ಗುತ್ತಲೇ ಪೂರ್ತಿ ಮುಗಿಸಿ, ಸುಮಾರು 3 ಸೆಕೆಂಡು ನಿಲ್ಲಿ. ಬಿಗಿತ ತುಟಿಯಲ್ಲಿತ್ತೋ, ನಾಲಿಗೆಯಲ್ಲೋ, ಗಂಟಲಲ್ಲೋ ಗಮನಿಸಿ. ಆ ಬಿಗಿ ಸಡಿಲಿಸಿ ಅದೇ ಪದವನ್ನು ನಿಧಾನವಾಗಿ ಮತ್ತೆ ಹೇಳಿ. ಇದು ಕೈಹತ್ತಿದ ಮೇಲೆ, ಸಿಕ್ಕಿಕೊಂಡಾಗಲೇ ಒತ್ತಡ ಇಳಿಸಿ ಪದದಿಂದ ಜಾರಿ ಹೊರಬರುವುದು. ಕೊನೆಗೆ, ಸಿಕ್ಕುತ್ತದೆ ಎನಿಸಿದ ಅಕ್ಷರವನ್ನು ಮೊದಲಿನಿಂದಲೇ ಮೆದುವಾಗಿ ಮುಟ್ಟುವುದು.

ಎಡವುವುದು ಎಲ್ಲಿ? ಪದ ಮುಗಿಯುವ ಮೊದಲೇ ನಿಂತರೆ ಅದು ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯಾಗುತ್ತದೆ. ಪ್ರತಿ ಮಾತಿಗೂ ದೊಡ್ಡ ಉಸಿರು ಎಳೆದುಕೊಂಡರೆ ಎದೆ, ಗಂಟಲು ಬಿಗಿಯುತ್ತವೆ. ಉಗ್ಗನ್ನು ಮುಚ್ಚಲು ವ್ಯಾನ್ ರೈಪರ್ ಕ್ರಮವನ್ನು ಬಳಸಿದರೆ ಭಯ ಹಾಗೇ ಉಳಿಯುತ್ತದೆ, ಭಯ ಬಿಗಿತವನ್ನು ಮತ್ತೆ ತರುತ್ತದೆ. ಇದಕ್ಕೆ ಮದ್ದು ವಿಚಿತ್ರವೆನಿಸಬಹುದು: ಸಲೀಸಾಗಿ ಬರುವ ಪದದಲ್ಲಿ ಬೇಕೆಂದೇ, ಬಿಗಿಯಿಲ್ಲದೆ, ಎರಡು ಮೂರು ಸಲ ಉಗ್ಗುವುದು. ಅಂಗಡಿಯಲ್ಲಿ, ದಾರಿ ಕೇಳುವಾಗ ಶುರುಮಾಡಿ. ಉಗ್ಗುವುದು ನಿಮ್ಮ ಹಿಡಿತದಲ್ಲೇ ನಡೆಯುವುದರಿಂದ ಭಯ ಕರಗುತ್ತದೆ.

ಒಂದು ದಿನ ಸರಾಗ, ಮರುದಿನ ಕಷ್ಟ. ಅದು ಉಗ್ಗಿನ ಸ್ವಭಾವ, ನಿಮ್ಮ ಸೋಲಲ್ಲ.

ಮಾತಿನ ಥೆರಪಿಸ್ಟ್ ಹುಡುಕುವಾಗ ಎರಡು ಪ್ರಶ್ನೆ ಕೇಳಿ: ಉಗ್ಗುವ ವಯಸ್ಕರೊಡನೆ ಕೆಲಸ ಮಾಡಿದ್ದೀರಾ? ಕೋಣೆಯ ಹೊರಗೆ, ಫೋನಿನಲ್ಲಿ ಅಭ್ಯಾಸ ಮಾಡಿಸುತ್ತೀರಾ? ಇಂತಿಷ್ಟು ದಿನದಲ್ಲಿ ಪೂರ್ತಿ ವಾಸಿ ಎಂದು ಮಾತು ಕೊಡುವವರ ಕೈಗೆ ದುಡ್ಡು ಕೊಡಬೇಡಿ.