ಪಾಲಿಕೆ ಸಾಮಾನ್ಯ ಸಭೆಗೆ ಹೋಗಿ ನಮ್ಮ ಓಣಿ ಸಮಸ್ಯೆ ನಾವೇ ಹೇಳಬಹುದಾ?

ಹೋಗಬಹುದು, ಹಿಂದೆ ಕೂತು ಕೇಳಬಹುದು. ಎದ್ದು ಮಾತಾಡಲಿಕ್ಕೆ ಬರುವುದಿಲ್ಲ. ಸಭೆಯಲ್ಲಿ ಪ್ರಶ್ನೆ ಸದಸ್ಯರದು, ಉತ್ತರ ಅಧಿಕಾರಿಗಳದು. ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ಅದರ ಕೆಳಗೆ ಇನ್ನೊಂದು ಮಾತು ಬರೆದಿದ್ದೀರಲ್ಲ, ಗಟಾರ, ಬೀದಿದೀಪ, ಕುಡಿಯುವ ನೀರು, ನಾಯಿ ಕಾಟ, ಕಸದ ಗಾಡಿ, ಪಾರ್ಕಿನ ಬೇಲಿ ಎಲ್ಲ ಸೇರಿಸಿ, ಓಣಿಯವರೆಲ್ಲರ ಸಹಿ ಹಾಕಿಸಿ ಒಂದೇ ಮನವಿ ಮಾಡಿದ್ದೇವೆ, ಸಭೆಯ ದಿನ ಮೇಯರ್ ಕೈಗೇ ಕೊಡುತ್ತೇವೆ ಅಂತ. ಅದನ್ನು ಓದಿ ಸುಮ್ಮನಿರಲಿಕ್ಕೆ ಆಗಲಿಲ್ಲ. ದಯವಿಟ್ಟು ಆ ಮನವಿ ಕೊಡಬೇಡಿ. ಅಂಥದ್ದೇ ಒಂದನ್ನು ಕೊಟ್ಟು ನಾವು ಒಂದು ಇಡೀ ಮಳೆಗಾಲ ಅನುಭವಿಸಿದ್ದೇವೆ.

ನಮ್ಮದು ನಿಮ್ಮ ಹಾಗೆ ಹುಬ್ಬಳ್ಳಿಯಲ್ಲ, ಹಾವೇರಿ ಜಿಲ್ಲೆಯ ಒಂದು ಪುರಸಭೆ ಊರು. ಊರ ಹೆಸರು ಬೇಡ, ಅಲ್ಲಿದ್ದ ಕೆಲವರು ಈಗಲೂ ಕೆಲಸದಲ್ಲಿದ್ದಾರೆ. ನಿಮ್ಮ ಪಾಲಿಕೆ ನಡೆಯುವುದು 1976ರ ಕಾಯ್ದೆಯಲ್ಲಿ, ನಮ್ಮ ಪುರಸಭೆ 1964ರ ಕಾಯ್ದೆಯಲ್ಲಿ. ನಿಮ್ಮಲ್ಲಿ ಆಯುಕ್ತರು, ನಮ್ಮಲ್ಲಿ ಮುಖ್ಯಾಧಿಕಾರಿ. ಆದರೆ ಅರ್ಜಿ ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಗುವ ದಾರಿ ಎರಡೂ ಕಡೆ ಒಂದೇ.

ನಮ್ಮ ಓಣಿ ಇಳಿಜಾರಿನ ತಳದಲ್ಲಿದೆ. ಮೇಲ್ಗಡೆ ಮೊದಲು ಹೊಲ ಇತ್ತು, ಆಮೇಲೆ ಪ್ಲಾಟ್ ಆಯಿತು, ಮನೆಗಳಾದವು. ಹೊಲ ಇದ್ದಾಗ ಇಂಗುತ್ತಿದ್ದ ನೀರೆಲ್ಲ ಕಾಂಕ್ರೀಟ್ ರಸ್ತೆ ಮೇಲೆ ಜಾರಿ ನಮ್ಮ ಕಡೆ ಬರತೊಡಗಿತು. ಓಣಿಯ ಬಾಯಲ್ಲಿ ರಸ್ತೆ ಅಡಿಗೆ ಒಂದು ಸಿಮೆಂಟ್ ಪೈಪು ಇದೆ, ಗಟಾರದ ನೀರು ಅದರೊಳಗಿಂದ ದಾಟಿ ಹಳ್ಳ ಸೇರಬೇಕು. ಹಿಂದಿನ ಕಾಲದ ನೀರಿನ ಲೆಕ್ಕಕ್ಕೆ ಹಾಕಿದ ಪೈಪು ಅದು. ದೊಡ್ಡ ಮಳೆ ಬಂದರೆ ಅಲ್ಲಿ ನೀರು ನಿಂತು, ಹಿಂದಕ್ಕೆ ಒತ್ತಿ, ಅಂಗಳಕ್ಕೆ ಬರುತ್ತಿತ್ತು. ಪೈಪು ತೆಗೆದು ದೊಡ್ಡದು ಹಾಕಬೇಕು, ನಮಗೆ ಬೇಕಾದ ಕೆಲಸ ಅದೊಂದೇ.

ಆದರೆ ಮನವಿ ಬರೆಯಲಿಕ್ಕೆ ಗುಡಿ ಕಟ್ಟೆ ಮೇಲೆ ಕೂತಾಗ ಒಬ್ಬೊಬ್ಬರೂ ಒಂದೊಂದು ಸೇರಿಸಿದರು. ಹೇಗಿದ್ದರೂ ಕೊಡುತ್ತಿದ್ದೇವೆ, ಲೈಟಿನದೂ ಬರೆಯಿರಿ. ನೀರು ಬಿಡುವ ಟೈಮು ಸರಿ ಮಾಡಲಿ, ಅದನ್ನೂ ಹಾಕಿ. ಸಮುದಾಯ ಭವನ ಕೇಳೋಣ, ಕೇಳಿದರೇನು ತಪ್ಪು? ಬರೆದವನು ನಾನು. ಯಾರ ಮಾತನ್ನೂ ಬಿಡಬಾರದು, ಬಿಟ್ಟರೆ ಸಹಿ ಹಾಕಲಿಕ್ಕಿಲ್ಲ ಅಂತ ಎಲ್ಲವನ್ನೂ ಬರೆದೆ. ಮೇಲೆ "ವಿಷಯ: ನಮ್ಮ ಓಣಿಗೆ ಮೂಲಭೂತ ಸೌಕರ್ಯ ಒದಗಿಸುವ ಕುರಿತು" ಅಂತ ಹಾಕಿದೆ. ಮೊದಲನೆಯ ಸಾಲಿಗೆ ಎಲ್ಲರಿಗೂ ಕಣ್ಣಿಗೆ ಕಾಣುವಂಥದ್ದು ಇರಲಿ ಅಂತ "ಗಟಾರ ತುಂಬಿದ್ದು, ಸ್ವಚ್ಛಗೊಳಿಸಬೇಕು" ಅಂತ ಬರೆದೆ. ಪೈಪಿನ ಮಾತು ನಾಲ್ಕನೆಯದೋ ಐದನೆಯದೋ ಆಗಿ ಮಧ್ಯದಲ್ಲಿ ಸೇರಿಹೋಯಿತು.

ಇದು ಸಣ್ಣ ತಪ್ಪು ಅನಿಸಬಹುದು. ಕೆಟ್ಟದ್ದೆಲ್ಲ ಇದರಿಂದಲೇ ಆದದ್ದು, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಅರ್ಜಿ ಮೊದಲು ಹೋಗುವುದು ಆವಕ-ಜಾವಕ ಟೇಬಲ್ಲಿಗೆ, ಅಂದರೆ ಬರುವ ಹೋಗುವ ಪತ್ರಗಳನ್ನು ದಾಖಲು ಮಾಡುವಲ್ಲಿಗೆ. ಅಲ್ಲಿ ಕೂತವರು ದಿನಕ್ಕೆ ರಾಶಿ ಟಪಾಲು ನೋಡುವವರು. ವಿಷಯದ ಸಾಲು ಓದುತ್ತಾರೆ, ಅದರಲ್ಲಿ ತಿಳಿಯದಿದ್ದರೆ ಮೊದಲ ಬೇಡಿಕೆ ಓದುತ್ತಾರೆ, ಮೂಲೆಯಲ್ಲಿ ಶಾಖೆಯ ಹೆಸರು ಬರೆಯುತ್ತಾರೆ. ಒಂದು ಅರ್ಜಿಗೆ ಒಂದು ನಂಬರ್, ಒಂದು ನಂಬರಿಗೆ ಒಂದು ಶಾಖೆ. ನಮ್ಮದರ ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ "ಆರೋಗ್ಯ" ಅಂತ ಬಿತ್ತು. ಗಟಾರ ಸ್ವಚ್ಛ ಮಾಡುವುದು ಆರೋಗ್ಯ ಶಾಖೆ ಕೆಲಸ, ಅದು ಸರಿಯೇ. ಆದರೆ ಪೈಪು ಬದಲಿಸುವುದು ಇಂಜಿನಿಯರ್ ಶಾಖೆಯ ಕೆಲಸ, ಲೈಟಿಗೆ ಬೇರೆ ಟೇಬಲ್ಲು, ನೀರಿಗೆ ಬೇರೆ. ಅವರ್ಯಾರ ಟೇಬಲ್ಲಿಗೂ ನಮ್ಮ ಹಾಳಿ ಹೋಗಲೇ ಇಲ್ಲ. ಆರೋಗ್ಯ ಶಾಖೆಯವರು ಪೌರಕಾರ್ಮಿಕರನ್ನು ಕಳಿಸಿದರು. ಅವರು ಗಟಾರದೊಳಗಿನ ಕೆಸರು ತೆಗೆದು ದಂಡೆ ಮೇಲೆ ಹಾಕಿದರು, ಫೋಟೊ ಹೊಡೆದರು. ಕಡತದಲ್ಲಿ "ಕ್ರಮ ಕೈಗೊಳ್ಳಲಾಗಿದೆ" ಅಂತ ಷರಾ (ಟಿಪ್ಪಣಿ) ಬಿತ್ತು. ಅಲ್ಲಿಗೆ ಮುಗಿಯಿತು. ನಮಗೆ ಇದ್ಯಾವುದೂ ಗೊತ್ತಿಲ್ಲ, ಓಣಿಯಲ್ಲಿ ಖುಷಿಪಟ್ಟೆವು, ಕೆಲಸ ಶುರುವಾಯಿತು ಅಂತ.

ಸಭೆಯ ದಿನ ನಾವು ಕೆಲವರು ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆವು. ಹಿಂದಿನ ಸಭೆಯ ನಡವಳಿ, ಅಂದರೆ ಸಭೆಯಲ್ಲಿ ನಡೆದದ್ದರ ದಾಖಲೆ, ಓದಿ ದೃಢೀಕರಿಸಿದರು. ಜಮಾ-ಖರ್ಚು ಬಂತು. ಘಟನೋತ್ತರ ಮಂಜೂರಾತಿಯ ವಿಷಯಗಳು ಬಂದವು, ಅಂದರೆ ಕೆಲಸ ಮೊದಲೇ ಆಗಿ ಒಪ್ಪಿಗೆ ಆಮೇಲೆ ಕೇಳುವಂಥವು. ಶೇ. 24.10ರ ಅನುದಾನದ ವಿಷಯ ಬಂತು. ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ತೆಗೆದಿಡಬೇಕಾದ ಹಣ, ಬೇರೆ ಕಡೆ ತಿರುಗಿಸುವಂತಿಲ್ಲ, ಅದಕ್ಕೆ ಚರ್ಚೆ ಆದದ್ದು ಒಳ್ಳೆಯದೇ. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಮಳಿಗೆಗಳ ಹರಾಜು ಬಂತು ನೋಡಿ, ಮಧ್ಯಾಹ್ನದ ಊಟದ ತನಕ ಅದೇ. ಕೂಗಾಟ, ಸಭಾತ್ಯಾಗ, ಮತ್ತೆ ಒಳಗೆ ಬಂದು ಕೂಡುವುದು.

ಕೊನೆಗೆ ನಮ್ಮ ವಾರ್ಡಿನ ಸದಸ್ಯೆ ಎದ್ದು ನಿಂತರು. ಕೈಯಲ್ಲಿ ನಮ್ಮ ಮನವಿಯ ಝೆರಾಕ್ಸ್ ಇತ್ತು. "ಅಧ್ಯಕ್ಷರ, ನಮ್ಮ ಓಣಿ ಮಂದಿ ಅರ್ಜಿ ಕೊಟ್ಟಾರ, ಏನಾತು?" ಅಂದರು. ಮುಖ್ಯಾಧಿಕಾರಿ ಆರೋಗ್ಯ ಶಾಖೆಯವರ ಕಡೆ ತಿರುಗಿದರು. ಅವರು ಕಡತ ತೆಗೆದು ಓದಿದರು: "ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ." ಅಧ್ಯಕ್ಷರು "ಆತಲ್ರೀ ಅಕ್ಕಾರ, ಮುಂದಿನ ವಿಷಯ ತಗೋರಿ" ಅಂದರು. ಅಕ್ಕಾರು ಹಾಳಿ ತಿರುಗಿಸಿ ಮುರುಗಿಸಿ ನೋಡಿ ಕೂತುಬಿಟ್ಟರು. ಅವರದು ಏನೂ ತಪ್ಪಿಲ್ಲ. ಅವರ ಕೈಯಲ್ಲಿದ್ದ ಹಾಳಿಯಲ್ಲಿ ಮೊದಲ ಸಾಲು ಗಟಾರ ಸ್ವಚ್ಛತೆ, ಅದು ಆಗಿತ್ತು. ಅಧಿಕಾರಿ ಓದಿದ್ದೂ ಸುಳ್ಳಲ್ಲ. ಇಡೀ ಸಭೆಯಲ್ಲಿ ಪೈಪು ಅನ್ನುವ ಪದ ಯಾರ ಬಾಯಲ್ಲೂ ಬರಲಿಲ್ಲ, ಬರುವಂತೆ ನಾನು ಬರೆದಿರಲೇ ಇಲ್ಲ.

ನಷ್ಟ ಏನೆಂದರೆ, ಮುಂದಿನ ವರ್ಷದ ಕ್ರಿಯಾ ಯೋಜನೆ ತಯಾರಾಗುತ್ತಿದ್ದ ಸಮಯ ಅದು. ಯಾವ ವಾರ್ಡಿನಲ್ಲಿ ಯಾವ ಕಾಮಗಾರಿ, ಎಷ್ಟು ಹಣ ಅಂತ ಪಟ್ಟಿ ಆಗುವುದು ಆಗಲೇ. ನಮ್ಮ ಪೈಪಿಗೆ ಎಸ್ಟಿಮೇಟ್ (ಖರ್ಚಿನ ಅಂದಾಜು) ಇಲ್ಲ, ಎಸ್ಟಿಮೇಟ್ ಇಲ್ಲದ್ದು ಪಟ್ಟಿಗೆ ಬರುವುದಿಲ್ಲ, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಟೆಂಡರ್ ಇಲ್ಲ. ಜೂನ್‌ನಲ್ಲಿ ರಾತ್ರಿ ಮಳೆ ಹೊಡೆಯಿತು. ಪಕ್ಕದ ಮನೆ ಕಾಕಾ ಬಿತ್ತನೆಗೆ ಅಂತ ಗೋವಿನಜೋಳದ ಬೀಜ, ಯೂರಿಯಾ ಚೀಲ ತಂದು ಪಡಸಾಲೆಯಲ್ಲಿ ಇಟ್ಟಿದ್ದರು. ಬೆಳಗ್ಗೆ ಹೋಗಿ ನೋಡಿದರೆ ಕೆಳಗಿನ ಚೀಲಗಳು ಅರ್ಧಕ್ಕೆ ಕುಸಿದಿದ್ದವು, ಗೊಬ್ಬರ ಕರಗಿ ನೀರಿನ ಜೊತೆ ಹೋಗಿತ್ತು. ಬೀಜದ ಪಾಕೀಟುಗಳನ್ನು ಕಾಕಿ ಒಂದೊಂದಾಗಿ ಸೆರಗಿನಿಂದ ಒರೆಸಿ ಕಟ್ಟೆ ಮೇಲೆ ಜೋಡಿಸುತ್ತಿದ್ದರು. ಆ ಮನವಿಗೆ ಮೊದಲ ಸಹಿ ಕಾಕಾರದೇ.

ಆಮೇಲೆ ದಾರಿ ತೋರಿಸಿದವರು ಒಬ್ಬ ಜೂನಿಯರ್ ಇಂಜಿನಿಯರ್. ನಾನು ಸಿಟ್ಟಿನಲ್ಲೇ ಹೋಗಿದ್ದೆ. ಅವರು ನನ್ನ ಮನವಿ ಓದಿ, "ಸರ, ಒಂದ ಹಾಳ್ಯಾಗ ಇಷ್ಟೆಲ್ಲಾ ಬರದ್ರ ನಾ ಯಾವುದಕ್ಕ ಎಸ್ಟಿಮೇಟ್ ಹಾಕ್ಲಿ? ಪೈಪಿಂದಷ್ಟ ಬರದ ಕೊಡ್ರಿ. ಎಲ್ಲಿಂದ ಎಲ್ಲೀತನಕ, ನೀರು ಯಾವ ಕಡೆಯಿಂದ ಬರ್ತದ, ಎಲ್ಲಿ ಹೋಗಿ ಬೀಳ್ತದ, ಅಷ್ಟ ಸಾಕು" ಅಂದರು. ಹಾಗೇ ಮಾಡಿದೆವು. ಟೇಪು ಹಿಡಿದು ಅಳೆದೆವು. ವಿಷಯದ ಸಾಲಿನಲ್ಲೇ "ರಸ್ತೆ ಅಡಿಯ ಪೈಪು ಬದಲಿಸಲು ಎಸ್ಟಿಮೇಟ್ ತಯಾರಿಸಿ ಕ್ರಿಯಾ ಯೋಜನೆಯಲ್ಲಿ ಸೇರಿಸುವ ಕುರಿತು" ಅಂತ ಬರೆದೆವು. ಮಳೆಯ ದಿನದ ಫೋಟೊ ಹಚ್ಚಿದೆವು. ಸಹಿ ಹಿಂದಿನಷ್ಟು ಇರಲಿಲ್ಲ, ನೀರು ಬರುವ ಮನೆಯವರದು ಮಾತ್ರ. ಲೈಟಿಗೆ ಬೇರೆ ಅರ್ಜಿ ಕೊಟ್ಟೆವು, ಕಂಬದ ನಂಬರ್ ಹಾಕಿ. ಆ ವರ್ಷದ ಸಭೆಯಲ್ಲಿ ನಮ್ಮ ಪೈಪು ಕ್ರಮಸಂಖ್ಯೆ ಇರುವ ವಿಷಯವಾಗಿ ಬಂತು, ಒಬ್ಬರೂ ಬಾಯಿ ತೆರೆಯದೆ ಠರಾವು (ಸಭೆಯ ನಿರ್ಣಯ) ಪಾಸಾಯಿತು. ನಾವ್ಯಾರೂ ಆ ದಿನ ಸಭೆಗೆ ಹೋಗಿರಲೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ, ಬೇಜಾರಾಗಬೇಡಿ. ಸಭೆಯಲ್ಲಿ ಮಾತಾಡಿದರೆ ಕೆಲಸ ಆಗುತ್ತದೆ ಅಂದುಕೊಂಡಿದ್ದೀರಿ. ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ 82 ವಾರ್ಡ್ ಇವೆ. 82 ಸದಸ್ಯರಲ್ಲಿ ನಿಮ್ಮವರಿಗೆ ಸಿಗುವ ಹೊತ್ತು ಎಷ್ಟು? ಅದರಲ್ಲೂ ಪಕ್ಷಗಳ ಜಗಳ ಒಂದು ಶುರುವಾದರೆ ಓಣಿ ಗಟಾರ ಯಾರಿಗೆ ನೆನಪಿರುತ್ತದೆ? ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ, ಅದು ಬಂದ ಮೇಲೆ ಸರಿಹೋಗುತ್ತದೆ ಅಂತ ಕಾಯುವವರೂ ಇದ್ದಾರೆ. ಪಾಲಿಕೆ ಎರಡಾದರೂ ಆವಕ ಟೇಬಲ್ಲಿನಲ್ಲಿ ಮೊದಲ ಸಾಲೇ ಓದುವುದು.

ಮೇಯರ್ ಕೈಗೇ ಕೊಡುವ ಆಸೆಯನ್ನೂ ಬಿಡಿ. ಮೇಯರ್ ಅವಧಿ ಒಂದೇ ವರ್ಷ, ಸ್ಥಾಯಿ ಸಮಿತಿಗಳೂ ವರ್ಷಕ್ಕೊಮ್ಮೆ ಬದಲಾಗುತ್ತವೆ. ಕೈಗೆ ಕೊಟ್ಟ ಹಾಳಿಗೆ ಆವಕ ನಂಬರ್ ಇರುವುದಿಲ್ಲ, ನಂಬರ್ ಇಲ್ಲದ್ದನ್ನು ನಾಳೆ ಯಾರನ್ನೂ ಕೇಳಲು ಬರುವುದಿಲ್ಲ. ನಿಮ್ಮ ವಲಯ ಕಚೇರಿಗೆ ಹೋಗಿ ಕೊಡಿ, ಇನ್ನೊಂದು ಪ್ರತಿ ಮೇಲೆ ಸೀಲು, ನಂಬರ್, ತಾರೀಖು ಹಾಕಿಸಿಕೊಳ್ಳಿ, ಆಮೇಲೆ ಅದರ ಝೆರಾಕ್ಸ್ ಸದಸ್ಯರಿಗೆ ಕೊಡಿ. ಸದಸ್ಯರು ಕೈಯಲ್ಲಿ ನಂಬರ್ ಹಿಡಿದು ಕೇಳಿದರೆ ಅಧಿಕಾರಿ ಆ ಕಡತವನ್ನೇ ತೆಗೆಯಬೇಕಾಗುತ್ತದೆ.

ಖಾಲಿ ಕೊಡ ಹಿಡಿದು ಪ್ರತಿಭಟನೆ ಮಾಡೋಣ ಅನ್ನುವವರೂ ನಿಮ್ಮಲ್ಲಿ ಇದ್ದಾರೆ ಅಂದಿದ್ದೀರಿ. ನೀರಿಗಾದರೆ ನಾನು ಬೇಡ ಅನ್ನುವುದಿಲ್ಲ. ಮಲಪ್ರಭೆಯ ನೀರು ಸವದತ್ತಿಯಿಂದ ನಿಮ್ಮೂರಿಗೆ ಬಂದರೂ ಕೆಲವು ಓಣಿಗಳಿಗೆ ವಾರ ದಾಟಿ ಬಿಡುತ್ತಾರೆ, ಅದಕ್ಕೆ ಗಟ್ಟಿಯಾಗಿ ಕೂಗಬೇಕಾಗುತ್ತದೆ. ನೀರು ನಿರ್ವಹಣೆಗೆ ಈಗ ಬೇರೆ ವ್ಯವಸ್ಥೆಯೇ ಇದೆ, ಗಟಾರದ ಜೊತೆ ಅದನ್ನು ಬರೆದರೆ ಎರಡೂ ಕೆಡುತ್ತವೆ. ನಾಯಿಯದೂ ಹಾಗೆ: ಹಿಡಿದು ದೂರ ಬಿಟ್ಟು ಬನ್ನಿ ಅಂತ ಬರೆಯಬೇಡಿ, ಪ್ರಾಣಿ ಸಂತಾನ ನಿಯಂತ್ರಣದ 2023ರ ನಿಯಮದ ಪ್ರಕಾರ ಓಣಿಯ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಹಿಡಿದಲ್ಲೇ ಬಿಡಬೇಕು. ಶಸ್ತ್ರಚಿಕಿತ್ಸೆಗೆ ಅಂತಲೇ ಅರ್ಜಿ ಹಾಕಿ, ಮಾಡಲೇಬೇಕಾಗುತ್ತದೆ. ವಾರ್ಡ್ ಸಮಿತಿಗೆ ಕಾಯ್ದೆಯಲ್ಲೇ ಜಾಗ ಇದೆ, ಅಧ್ಯಕ್ಷರು ನಿಮ್ಮ ವಾರ್ಡಿನ ಸದಸ್ಯರೇ. ನಿಮ್ಮಲ್ಲಿ ಸಮಿತಿ ಕೂಡುತ್ತಿದ್ದರೆ ಮಾತಾಡಲು ಅದೇ ಸರಿಯಾದ ಜಾಗ, ಅಲ್ಲಿ ನಿಮ್ಮ ಬಾಯಿ ಯಾರೂ ಕಟ್ಟುವುದಿಲ್ಲ.

ಠರಾವು ಆದ ಮೇಲೆ ನಡವಳಿಯ ಪ್ರತಿ ತೆಗೆದುಕೊಳ್ಳಿ, ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಆ ಅರ್ಜಿಗೂ ಒಂದೇ ವಿಷಯ, 150 ಪದ ಅಂತ ಮಿತಿ ಇದೆ, ಹಾಗಾಗಿ ನಿಮ್ಮ ಗಟಾರದ ಠರಾವು, ಅದರ ಎಸ್ಟಿಮೇಟ್, ಕಾರ್ಯಾದೇಶ ಇಷ್ಟನ್ನೇ ಕೇಳಿ. ಪ್ರತಿ ಬಂದಾಗ ಎಲ್ಲಿಂದ ಎಲ್ಲಿಯ ತನಕ ಅಂತ ಬರೆದಿದ್ದಾರೆ ಅನ್ನುವುದನ್ನು ನಿಮ್ಮ ಅರ್ಜಿ ಪಕ್ಕ ಇಟ್ಟು ಓದಿ. ಎಷ್ಟೋ ಕಡೆ ಅಡ್ಡರಸ್ತೆಯ ಹೆಸರು ತಪ್ಪಾಗಿ ಬೇರೆ ಓಣಿಯಲ್ಲಿ ಅಗೆಯಲು ಬಂದುಬಿಡುತ್ತಾರೆ.

ಹಣಕಾಸಿನ ವರ್ಷ ಏಪ್ರಿಲ್‌ಗೆ ಶುರು. ಬಜೆಟ್ ಮಂಡಿಸುವ ಮುಂಚೆ, ಅಂದರೆ ಡಿಸೆಂಬರ್‌ನೊಳಗೆ ಅರ್ಜಿ ಇಂಜಿನಿಯರ್ ಟೇಬಲ್ಲಿನಲ್ಲಿ ಇರಬೇಕು. ಮಾರ್ಚ್‌ನಲ್ಲಿ ಕೊಟ್ಟರೆ ಮುಂದಿನ ವರ್ಷದ ಮಾತಾಯಿತು.

ಒಂದು ವಿಷಯ ನೀವು ಬರೆದಿಲ್ಲ. ನಿಮ್ಮ ಗಟಾರ ಕೊನೆಗೆ ಎಲ್ಲಿ ಸೇರುತ್ತದೆ? ಉಣಕಲ್ ನಾಲಾಕ್ಕೋ, ಇನ್ನೊಂದು ಸಣ್ಣ ನಾಲಾಕ್ಕೋ, ಇಲ್ಲ ಮಧ್ಯದಲ್ಲೇ ಯಾರದೋ ಕಾಂಪೌಂಡಿಗೆ ಹೋಗಿ ನಿಲ್ಲುತ್ತದೋ? ಬಿಸಿಲಿರುವಾಗಲೇ ಒಮ್ಮೆ ಅದರ ಗುಂಟ ಕೊನೆಯ ತನಕ ನಡೆದು ನೋಡಿ, ಎಲ್ಲಿ ಕಟ್ಟಿಕೊಂಡಿದೆ ಅಲ್ಲಿ ಫೋಟೊ ತೆಗೆಯಿರಿ. ಅದು ತಿಳಿದ ಮೇಲೆಯೇ ವಿಷಯದ ಸಾಲು ಬರೆಯಿರಿ. ಬೇಕಿದ್ದರೆ ಬರೆದದ್ದನ್ನು ಇಲ್ಲಿ ಹಾಕಿ, ನಾನು ಓದಿ ಹೇಳುತ್ತೇನೆ.