ನಡೆಯದೆ ಸಿಂಹಾವಲೋಕನವೇ?

ಸಂಪಾದಕರಿಗೆ ನಮಸ್ಕಾರ. ಸೇಲ್‌ನಲ್ಲಿ ‘ದಿ ವಿಚರ್ 3’ ಎಂಬ ವಿಡಿಯೊ ಗೇಮ್ ತಗೊಂಡಿದ್ದೇನೆ, ಅದರ ಎರಡು ಹೆಚ್ಚುವರಿ ಕಥೆಗಳೂ ಸೇರಿ. ಹಾಸ್ಟೆಲಿನ ಸೀನಿಯರ್ ಒಬ್ಬರು ‘ಒಂದು, ಎರಡು ಆಡದೆ ಮೂರಕ್ಕೆ ಕೈ ಹಾಕಬೇಡ’ ಅನ್ನುತ್ತಾರೆ. ರೂಮ್‌ಮೇಟ್ ‘ಯೂಟ್ಯೂಬಲ್ಲಿ ಇಪ್ಪತ್ತು ನಿಮಿಷದ ಕಥಾಸಾರ ಇದೆ, ನೋಡಿಕೊಂಡು ಶುರು ಮಾಡು’ ಅನ್ನುತ್ತಾನೆ. ಮೊದಲನೆಯದರ ವಿಡಿಯೊ ನೋಡಿದೆ. ಆ ಗ್ರಾಫಿಕ್ಸ್ ನೋಡಿ ನಗು ಬಂತು. ರಜೆ ಇರುವುದು ಒಂದೇ ತಿಂಗಳು. ಏನು ಮಾಡಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಕ್ಕ ವಿಷಯವನ್ನು ಮೊದಲು ಮುಗಿಸೋಣ. 2007ರ ಆ ಆಟವನ್ನು ಹಗುರವಾಗಿ ಕಂಡವರಲ್ಲಿ ನೀವೇ ಮೊದಲಿಗರಲ್ಲ. ಮೂಲ ಕಥೆಗಳನ್ನು ಬರೆದ ಪೋಲೆಂಡಿನ ಸಪ್ಕೋವ್‌ಸ್ಕಿ ಅವರಿಗೇ ಅದು ಓಡುತ್ತದೆಂಬ ನಂಬಿಕೆ ಇರಲಿಲ್ಲ. ಲಾಭದಲ್ಲಿ ಪಾಲು ಬೇಡ, ಇಡಿಗಂಟು ಕೊಟ್ಟುಬಿಡಿ ಎಂದರು. ಮುಂದೆ ಅದು ಓಡಿದ ಓಟ ನೋಡಿ 2018ರಲ್ಲಿ 6 ಕೋಟಿ ಜ್ಲಾಟಿ (ಪೋಲೆಂಡಿನ ಹಣ) ಕೇಳಿ ವಕೀಲರಿಂದ ಪತ್ರ ಹಾಕಿಸಿದರು. ಮರುವರ್ಷ ಹೊಸ ಒಪ್ಪಂದವಾಗಿ ರಾಜಿಯಾಯಿತು. ಅಷ್ಟು ದೊಡ್ಡವರೇ ಮೋಸಹೋದ ಮೇಲೆ ನಿಮ್ಮ ನಗುವನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ನಿಮ್ಮ ರೂಮ್‌ಮೇಟ್ ಪರವಾಗಿಯೂ ನಾಲ್ಕು ಮಾತು ಹೇಳಿಬಿಡುತ್ತೇನೆ, ಪಕ್ಷಪಾತಿ ಅನ್ನಿಸಿಕೊಳ್ಳುವುದು ಬೇಡ. 2023ರಲ್ಲಿ ಕಂಪನಿಯೇ ಹೇಳಿದ ಲೆಕ್ಕದ ಪ್ರಕಾರ ಇಡೀ ಸರಣಿ ಮಾರಾಟವಾದದ್ದು ಏಳೂವರೆ ಕೋಟಿ ಪ್ರತಿ, ಅದರಲ್ಲಿ ಮೂರನೆಯದೊಂದೇ 5 ಕೋಟಿ. ಅಂದರೆ ಕೋಟಿಗಟ್ಟಲೆ ಜನ ನೇರವಾಗಿ ಮೂರಕ್ಕೇ ಬಂದವರು, ಅವರ್ಯಾರೂ ದಾರಿ ತಪ್ಪಿ ಅಳುತ್ತ ಕುಳಿತಿಲ್ಲ. ಎಲ್ಲ ಸರಣಿಗಳೂ ಒಂದೇ ಥರವೂ ಅಲ್ಲ. ‘ಫೈನಲ್ ಫ್ಯಾಂಟಸಿ’ಯ ಅಂಕಿಗಳಿಗೆ ಬಹುಮಟ್ಟಿಗೆ ಅರ್ಥವೇ ಇಲ್ಲ, ಒಂದೊಂದಕ್ಕೂ ಬೇರೆ ಲೋಕ, ಬೇರೆ ಜನ. ‘ಬಾಲ್ಡರ್ಸ್ ಗೇಟ್ 3’ ಬಂದದ್ದು ಎರಡನೆಯದು ಬಂದ 23 ವರ್ಷಕ್ಕೆ, ಅದರ ಕಥೆ ನಡೆಯುವುದೂ ಒಂದು ಶತಮಾನಕ್ಕಿಂತ ಆಚೆ. ಅಲ್ಲಿ ಹಳೆಯದನ್ನು ಆಡದಿದ್ದರೆ ಒಬ್ಬಿಬ್ಬರು ಹಳೇ ನೆಂಟರ ಗುರುತು ಹತ್ತುವುದಿಲ್ಲ, ಅಷ್ಟೇ. ನೌಕರಿ, ಮನೆ, ಮಗುವಿನ ನಡುವೆ ವಾರಕ್ಕೆ ಮೂರು ಗಂಟೆ ಸಿಗುವವರಿಗೆ ‘ಹೋಗಿ ಮೊದಲಿಂದ ಬನ್ನಿ’ ಎಂದು ಹೇಳುವಷ್ಟು ಕಟುಕ ನಾನಲ್ಲ.

ಆದರೆ ನಿಮಗೆ ಒಂದು ತಿಂಗಳು ರಜೆ ಇದೆಯಲ್ಲ!

ಈ ಇಪ್ಪತ್ತು ನಿಮಿಷದ ಸಾರಾಂಶದ ಮೇಲೆ ನನಗೆ ಹಳೆಯ ಸಿಟ್ಟು. ಉಪಸಂಪಾದಕನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಪಾಲಿಗೆ ಬಂದದ್ದು ಧಾರಾವಾಹಿಯ ನೆತ್ತಿಯ ಮೇಲಿನ ‘ಇಲ್ಲಿಯವರೆಗೆ’ ಪೆಟ್ಟಿಗೆ. ಪ್ರತಿ ವಾರ 60 ಪದ. ಇಪ್ಪತ್ತನೇ ಕಂತಿನ ಹೊತ್ತಿಗೆ ಆ ಪೆಟ್ಟಿಗೆ ಕಟ್ಟುವುದರಲ್ಲಿ ನಾನು ನಿಸ್ಸೀಮನಾಗಿದ್ದೆ. ಒಂದು ದಿನ ಲೇಖಕಿ ಕಚೇರಿಗೇ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ‘ನಾಲ್ಕು ತಿಂಗಳು ನನ್ನ ಜೊತೆ ಬದುಕಿದ ಹುಡುಗಿ ಕಣಯ್ಯಾ ಅವಳು. ನೀನು “ಗಂಡನಿಂದ ದೂರವಾದ ಲಲಿತೆ ತವರು ಸೇರುತ್ತಾಳೆ” ಅಂತ ಬರೆದಿದ್ದೀಯ. ತಪ್ಪೇನೂ ಇಲ್ಲ. ಆದರೆ ನನ್ನ ಕಥೆಯಲ್ಲಿ ಅದು ಎಲ್ಲಿ ನಡೆದಿದೆ ತೋರಿಸು’ ಅಂದರು. ಹುಡುಕಿದೆ. ತಪ್ಪಿಲ್ಲ, ಆದರೆ ಎಲ್ಲೂ ಇಲ್ಲ. ಅವಳು ದೂರವಾದದ್ದು ಹದಿನಾಲ್ಕು ಕಂತುಗಳಲ್ಲಿ ಹರಡಿಕೊಂಡು, ಒಂದು ತಟ್ಟೆ ಬದಲಾದದ್ದರಲ್ಲಿ, ಒಂದು ಕಾಗದಕ್ಕೆ ಉತ್ತರ ಬಾರದ್ದರಲ್ಲಿ. ಅಂದಿನಿಂದ ಸಾರಾಂಶ ಬರೆಯುವಾಗ ನನಗೆ ಯಾರದೋ ಜೇಬಿಗೆ ಕೈ ಹಾಕಿದಂತಾಗುತ್ತದೆ.

ಈಗ ವಿಚರ್‌ಗೆ ಬನ್ನಿ. ನಾನೂ ನಿಮ್ಮ ಹಾಗೆಯೇ ಜಾಣತನ ಮಾಡಿ, 2012ರಲ್ಲಿ ನೇರವಾಗಿ ಎರಡನೆಯದನ್ನು ಶುರು ಮಾಡಿದವನು. ಮೊದಲನೆಯದು ಹಳತು, ಎರಡನೆಯದು ನೋಡಲು ಚೆಂದ, ಮತ್ತೇಕೆ ಎಂದು. ಕೋಟೆಯ ಮುತ್ತಿಗೆ ನಡೆಯಿತು, ಫೋಲ್ಟೆಸ್ಟ್ ಎಂಬ ದೊರೆಯನ್ನು ನನ್ನ ಕಣ್ಣೆದುರೇ ಸನ್ಯಾಸಿ ವೇಷದವನೊಬ್ಬ ಕತ್ತು ಕೊಯ್ದು ಕೊಂದ, ಕೊಲೆಯ ಆರೋಪ ನನ್ನ ತಲೆಗೇ ಬಂತು. ನಾನೇನು ಮಾಡಿದೆ ಗೊತ್ತೆ? ಎದ್ದು ಹೋಗಿ ಕಾಫಿ ಬೆರೆಸಿಕೊಂಡು ಬಂದೆ. ಯಾವನೋ ರಾಜ, ಸತ್ತ.

ಆರು ತಿಂಗಳ ಮೇಲೆ, ಮಳೆಗಾಲದ ಒಂದು ವಾರ ಮನೆಯಲ್ಲೇ ಸಿಕ್ಕಿಹಾಕಿಕೊಂಡಾಗ, ಹಳೇ ಲ್ಯಾಪ್‌ಟಾಪಿಗೆ ಮೊದಲನೆಯದನ್ನು ಹಾಕಿದೆ. ಅದು ತೆರೆಯುವುದೇ ಆ ಫೋಲ್ಟೆಸ್ಟನ ಮನೆಯ ಸಂಕಟದಿಂದ. ಅವನ ಮಗಳು ಶಾಪದಿಂದ ಸ್ಟ್ರೀಗಾ ಎಂಬ ರಕ್ಕಸಿಯಾಗಿದ್ದಾಳೆ. ನಾವು ಆಡುವ ನಾಯಕ ಗೆರಾಲ್ಟ್, ರಕ್ಕಸರನ್ನು ಬೇಟೆಯಾಡುವ ‘ವಿಚರ್’, ರಾತ್ರಿಯಿಡೀ ಅವಳೊಡನೆ ಹೆಣಗಿ ಬೆಳಗಿನ ಹೊತ್ತಿಗೆ ಶಾಪ ಬಿಡಿಸುತ್ತಾನೆ. ಸಪ್ಕೋವ್‌ಸ್ಕಿ ಬರೆದ ಮೊಟ್ಟಮೊದಲ ವಿಚರ್ ಕಥೆ ಅದು. ‘ಫಂತಾಸ್ತಿಕಾ’ ಎಂಬ ಪೋಲಿಷ್ ಮಾಸಪತ್ರಿಕೆಯ ಕಥಾಸ್ಪರ್ಧೆಗೆ ಕಳಿಸಿದ್ದು, 1986ರಲ್ಲಿ ಅದರಲ್ಲೇ ಅಚ್ಚಾದದ್ದು. ಬಂದದ್ದು ಮೂರನೇ ಬಹುಮಾನ! (ನಮ್ಮ ಸ್ಪರ್ಧೆಯ ತೀರ್ಪಿನ ಮೇಲೆ ಮುನಿಸಿಕೊಂಡು ಪತ್ರ ಬರೆದ ಮೂವರು ಇದನ್ನು ಎರಡು ಸಲ ಓದಿಕೊಳ್ಳಲಿ.) ಇಡೀ ಆಟ ಅದೇ ದೊರೆಯ ರಾಜಧಾನಿ ವಿಜಿಮಾದ ಸುತ್ತ ಸುತ್ತಿ, ಕೊನೆಯಲ್ಲಿ ಅವನ ಮೇಲೆ ಒಬ್ಬ ಹಂತಕ ಎರಗುತ್ತಾನೆ. ಗೆರಾಲ್ಟ್ ತಡೆದು ಕೊಲ್ಲುತ್ತಾನೆ. ಸತ್ತವನ ಮುಸುಕು ತೆಗೆದರೆ ಬೆಕ್ಕಿನ ಕಣ್ಣು: ಅವನೂ ಒಬ್ಬ ವಿಚರ್. ಅಲ್ಲಿಗೆ ಆಟ ಮುಗಿಯುತ್ತದೆ.

ಅಂದರೆ ನಾನು ಕಾಫಿ ಬೆರೆಸಲು ಎದ್ದುಹೋದದ್ದು, ಗೆರಾಲ್ಟ್ ಯಾರ ಮಗಳನ್ನು ಉಳಿಸಿಕೊಟ್ಟು, ಪ್ರಾಣವನ್ನೂ ಒಮ್ಮೆ ಕಾಪಾಡಿದ್ದನೋ ಆ ದೊರೆ ಎರಡನೇ ಸಲ ಕೈತಪ್ಪಿ ಸತ್ತಾಗ. ಸಾರಾಂಶದ ವಿಡಿಯೊದಲ್ಲಿ ಇದೂ ಇರುತ್ತದೆ, ಒಪ್ಪುತ್ತೇನೆ. ‘ಗೆರಾಲ್ಟ್ ಫೋಲ್ಟೆಸ್ಟ್‌ನನ್ನು ರಕ್ಷಿಸುತ್ತಾನೆ.’ ಲಲಿತೆ ತವರು ಸೇರುತ್ತಾಳೆ.

ಟ್ರಿಸ್, ಯೆನ್ನೆಫರ್ ಎಂಬ ಇಬ್ಬರು ಮಾಂತ್ರಿಕೆಯರ ವಿಷಯವೂ ಹಾಗೆಯೇ. ಮೊದಲ ಆಟದಲ್ಲಿ ಗೆರಾಲ್ಟ್‌ಗೆ ನೆನಪು ಹೋಗಿದೆ, ಟ್ರಿಸ್ ಹತ್ತಿರವಾಗುತ್ತಾಳೆ. ಯೆನ್ನೆಫರ್ ಎಂಬೊಬ್ಬಳಿದ್ದಳು ಎಂಬುದು ಎರಡನೆಯದರಲ್ಲಿ ತುಣುಕು ತುಣುಕಾಗಿ ನೆನಪಿಗೆ ಬರುತ್ತದೆ. ಮೂರನೆಯದು ಶುರುವಾಗುವುದೇ ಅವಳನ್ನು ಹುಡುಕುತ್ತ. ಎರಡು ಆಟದಷ್ಟು ಕಾಲ ಇನ್ನೊಬ್ಬಳ ಜೊತೆ ಇದ್ದು ಬಂದವನಿಗೆ ಆ ಹುಡುಕಾಟದಲ್ಲಿ ತಪ್ಪಿತಸ್ಥನ ಹೆಜ್ಜೆ ಇರುತ್ತದೆ. ನನ್ನ ಅಕ್ಕನ ಮಗ ನೇರ ಮೂರರಿಂದ ಶುರು ಮಾಡಿದವನು. ‘ಮಾಮಾ, ಇದರಲ್ಲಿ ಯೋಚಿಸೋದೇನಿದೆ, ಹುಡುಕಿದ್ದು ಯಾರನ್ನೋ ಅವಳನ್ನೇ ಕಟ್ಕೋಬೇಕು’ ಅಂದ. ಅವನ ನ್ಯಾಯ ಅವನಿಗೆ ಸರಿ. ನಾನು ಆ ತೀರ್ಮಾನಕ್ಕೆ ಎರಡು ರಾತ್ರಿ ತೆಗೆದುಕೊಂಡೆ, ಈಗಲೂ ಖಚಿತವಿಲ್ಲ. ನೀವು ಕೊಂಡಿರುವ ಹೆಚ್ಚುವರಿ ಕಥೆಗಳಲ್ಲಿ ಮೊದಲನೆಯದರಲ್ಲಿ ಶಾನಿ ಎಂಬ ವೈದ್ಯೆ ಸಿಗುತ್ತಾಳೆ, ಅವಳೊಂದಿಗೆ ಒಂದು ಮದುವೆ ಮನೆಗೆ ಹೋಗುತ್ತೀರಿ. ಅವಳು 2007ರ ಆಟದಿಂದ ಬಂದವಳು. ಗುರುತಿಲ್ಲದವರಿಗೆ ಅದು ಮೋಜಿನ ಮದುವೆ. ನಮ್ಮಂಥವರಿಗೆ, ಎಷ್ಟೋ ವರ್ಷದ ಮೇಲೆ ಮದುವೆ ಮನೆಯ ಪಂಕ್ತಿಯಲ್ಲಿ ಎದುರಿಗೆ ಹಳಬರು ಸಿಕ್ಕಂತೆ.

ನಿಮ್ಮ ಪತ್ರಕ್ಕೆ ಎದುರಾಗಿ ಒಬ್ಬ ಪಂಡಿತ ಓದುಗರು ಮುಂದಿನ ವಾರ ಬರೆಯುವುದು ಗ್ಯಾರಂಟಿ: ‘ರನ್ನ ಗದಾಯುದ್ಧವನ್ನು ಕೊನೆಯಿಂದಲೇ ಶುರು ಮಾಡಲಿಲ್ಲವೇ?’ ಎಂದು. ಮಾಡಿದ. ಹತ್ತನೇ ಶತಮಾನದಲ್ಲೇ ಮಾಡಿದ, ಭಾರತದ ಕೊನೆಯ ದಿನದಲ್ಲಿ ನಿಂತು, ಸಿಂಹಾವಲೋಕನ ಕ್ರಮದಲ್ಲಿ ಹಿಂದಿನದನ್ನೆಲ್ಲ ಹೇಳಿದ. ಆದರೆ ಅವನ ಎದುರು ಕುಳಿತವರು ಭಾರತವನ್ನು ಹುಟ್ಟಿದಾರಭ್ಯ ಕೇಳಿ ಬೆಳೆದವರು. ಪಂಪ ಆಗಲೇ ಕನ್ನಡದಲ್ಲಿ ಅದನ್ನು ಹಾಡಿ ಹೋಗಿದ್ದ. ರಣರಂಗದಲ್ಲಿ ಹೆಣಗಳ ನಡುವೆ ಒಂಟಿಯಾಗಿ ನಡೆಯುವ ದುರ್ಯೋಧನ ಕರ್ಣನ ಮುಂದೆ ನಿಂತಾಗ, ಕರ್ಣ ಯಾರೆಂದು ಕೇಳುವವನು ಆ ಸಭೆಯಲ್ಲಿ ಒಬ್ಬನೂ ಇರಲಿಲ್ಲ. ಸಿಂಹ ಹಿಂತಿರುಗಿ ನೋಡುತ್ತದೆ, ನಿಜ. ಅಷ್ಟು ದೂರ ನಡೆದುಬಂದ ಮೇಲೆ.

ನಮಗೀಗ ನಡೆಯುವುದೇ ಬೇಡವಾಗಿದೆ. ಕಾದಂಬರಿ ಪಠ್ಯವಾದರೆ ಗೈಡು. ಸಿನಿಮಾ ನೋಡಿ ಬಂದ ರಾತ್ರಿಯೇ ‘ಅಂತ್ಯದ ಅರ್ಥವೇನು’ ವಿಡಿಯೊ. ನಮ್ಮ ಪತ್ರಿಕೆಯ ಕಥೆಗಳಿಗೇ ‘ಸ್ವಲ್ಪ ಉದ್ದವಾಯಿತು ಸಾರ್’ ಎಂಬ ಪತ್ರ ತಿಂಗಳಿಗೆ ಎರಡಾದರೂ. ಉದ್ದ ಯಾವುದಕ್ಕೆ ಹೋಲಿಸಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಪೋಲೆಂಡಿನವರು ಇದನ್ನು ಹೇಗೆ ಕಟ್ಟಿದರು ನೋಡಿ. ವಿಚರ್ ಆಟಗಳನ್ನು ಮಾಡಿದ ಸಿಡಿ ಪ್ರೊಜೆಕ್ಟ್ 1994ರಲ್ಲಿ ಹುಟ್ಟಿದಾಗ ಆಟ ಮಾಡುವ ಕಂಪನಿಯೇ ಅಲ್ಲ, ಹೊರದೇಶದ ಸಿಡಿ ತರಿಸಿ ಮಾರುವ ಅಂಗಡಿ. 1999ರಲ್ಲಿ ಅವರು ಕೆನಡಾದ ‘ಬಾಲ್ಡರ್ಸ್ ಗೇಟ್’ ಅನ್ನು ಪೋಲಿಷ್‌ಗೆ ತಂದರು. ರಾಶಿರಾಶಿ ಮಾತುಕತೆ ಅನುವಾದಿಸಿ, ತಮ್ಮ ನಟರಿಂದ ದನಿ ಕೊಡಿಸಿ. ಕಳ್ಳಪ್ರತಿ ಬೀದಿಬೀದಿಯಲ್ಲಿ ಸಿಗುತ್ತಿದ್ದ ಊರಲ್ಲಿ ಜನ ದುಡ್ಡು ಕೊಟ್ಟು ಕೊಂಡರು, ತಮ್ಮ ಮಾತಿನಲ್ಲಿತ್ತಲ್ಲ. ಆಮೇಲೆ ಅದೇ ಕೆನಡಾದವರ ಎಂಜಿನ್ (ಆಟ ಕಟ್ಟುವ ತಂತ್ರಾಂಶ) ತಂದು, ತಮ್ಮದೇ ಲೇಖಕನ ಕಥೆಗೆ ಕೈ ಹಾಕಿದರು. ನೀವು ನಕ್ಕ ಆಟ ಅದು. ನಾಲ್ಕು ವರ್ಷದಲ್ಲಿ ಎರಡನೆಯದು ಬಂದಾಗ ಆ ದೇಶದ ಪ್ರಧಾನಿ ಅಮೆರಿಕದ ಅಧ್ಯಕ್ಷ ಒಬಾಮಾಗೆ ಅದನ್ನೇ ಉಡುಗೊರೆ ಕೊಟ್ಟರು. ನಾಲ್ಕು ಕೋಟಿಗಿಂತ ಕಡಿಮೆ ಜನದ ದೇಶ. ಅದಕ್ಕಿಂತ ಹೆಚ್ಚಿರುವ ನಾವು, ಡಬ್ಬಿಂಗ್ ಬೇಕೋ ಬೇಡವೋ ಎಂದು ದಶಕಗಟ್ಟಲೆ ಕಿತ್ತಾಡಿದೆವು. ಹಾಗಾಗಿ ನೀವು ಕೊಂಡ ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಹುಡುಕಬೇಡಿ, ಯಾವ ಭಾರತೀಯ ಭಾಷೆಯೂ ಇಲ್ಲ. ಸಿರಿ ಎಂಬ ಹುಡುಗಿ ಮಾತ್ರ ಇದ್ದಾಳೆ. ತುಳುನಾಡಿನ ಓದುಗರು ಹೆಸರು ಕೇಳಿ ಮೋಸ ಹೋಗದಿರಲಿ.

ಇನ್ನು ಕೆಲಸದ ಮಾತು. ಮೊದಲನೆಯದಕ್ಕೆ ಸುಮಾರು 40 ಗಂಟೆ, ಎರಡನೆಯದಕ್ಕೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ಸೇಲ್‌ನಲ್ಲಿ ಎರಡೂ ಊಟದ ದುಡ್ಡಿಗೆ ಸಿಗುತ್ತವೆ. ಮೊದಲನೆಯದರ ಕುಂದುಗಳನ್ನು ಮುಚ್ಚಿಡುವುದಿಲ್ಲ: ಇಡೀ ಊರಿಗೆ ಐದಾರು ಮುಖಗಳು, ಒಬ್ಬಳೇ ಅಜ್ಜಿ ಎಂಟು ಬೀದಿಯಲ್ಲಿ, ಜೌಗಿನಲ್ಲಿ ಹೋಗಿ ಬಂದು ಹೋಗಿ ಬಂದು ಕಾಲು ಸೋಲುತ್ತದೆ, ಹೆಂಗಸರ ಸಹವಾಸಕ್ಕೆ ಬಹುಮಾನವಾಗಿ ಚಿತ್ರದ ಕಾರ್ಡು ಕೊಡುವ ಅಸಹ್ಯವೂ ಉಂಟು. ಕತ್ತಿವರಸೆ ವಿಚಿತ್ರ. ಸಿಕ್ಕಸಿಕ್ಕಂತೆ ಒತ್ತಿದರೆ ಕೆಡುತ್ತದೆ. ಪರದೆಯ ಮೇಲಿನ ಕತ್ತಿಯ ಗುರುತಿಗೆ ಬೆಂಕಿ ಹೊತ್ತಿದ ಕ್ಷಣಕ್ಕೆ ಒತ್ತಬೇಕು. ತಾಳ ಹಾಕಲು ಬರುವವರಿಗೆ ಒಂದೇ ದಿನದಲ್ಲಿ ಕೈ ಕೂರುತ್ತದೆ.

ಎರಡನೆಯದನ್ನು ಮುಗಿಸಿದ ಮೇಲೆ ಸೇವ್ ಫೈಲ್ ಅಳಿಸಬೇಡಿ. ಪಿಸಿಯಲ್ಲಾದರೆ ಮೂರನೆಯದು ನಿಮ್ಮ ಹಿಂದಿನ ತೀರ್ಮಾನಗಳನ್ನು ಅದರಿಂದ ಓದಿಕೊಳ್ಳುತ್ತದೆ. ಇಲ್ಲದವರಿಗಾಗಿ ಒಂದು ಏರ್ಪಾಡಿದೆ: ಅರಮನೆಯಲ್ಲಿ ಗೆರಾಲ್ಟ್‌ನ ಗಡ್ಡ ಹೆರೆಯುತ್ತಿರುವಾಗ ಒಬ್ಬ ಸೇನಾಧಿಕಾರಿ ಬಂದು, ‘ಹಿಂದೆ ಅವನನ್ನು ಕೊಂದೆಯೋ ಬಿಟ್ಟೆಯೋ, ಯಾರ ಪಕ್ಷ ಹಿಡಿದೆ’ ಎಂದು ನಾಲ್ಕೈದು ಪ್ರಶ್ನೆ ಕೇಳುತ್ತಾನೆ. ಜಾಣ ಏರ್ಪಾಡು, ಮೆಚ್ಚುತ್ತೇನೆ. ಆದರೆ ಮಾಡದ ಕೆಲಸಕ್ಕೆ ಸಾಕ್ಷಿ ಹೇಳಿ ಮುಖಕ್ಷೌರ ಮಾಡಿಸಿಕೊಳ್ಳುವುದು ನಿಮಗೆ ಒಪ್ಪಿಗೆಯೇ?

ಮೊದಲ ಆಟದ ಮೊದಲ ಅಧ್ಯಾಯದಲ್ಲಿ ಅಬಿಗೇಲ್ ಎಂಬ ಮಾಟಗಾತಿ ಸಿಗುತ್ತಾಳೆ. ಊರವರು ದೊಂದಿ ಹಿಡಿದು ಗುಹೆಯ ಬಾಯಿಗೆ ಬಂದು, ಅವಳನ್ನು ನಮ್ಮ ಕೈಗೊಪ್ಪಿಸು ಅನ್ನುತ್ತಾರೆ. ಊರವರೂ ಒಳ್ಳೆಯವರಲ್ಲ, ಅವಳೂ ಪೂರ್ತಿ ನಿರಪರಾಧಿಯಲ್ಲ. ಅಲ್ಲಿಯವರೆಗೆ ಆಡಿ, ಏನು ಮಾಡಿದಿರೆಂದು ನನಗೆ ಬರೆಯಿರಿ. ನಾನು ಮಾಡಿದ್ದನ್ನು ಆಮೇಲೆ ಹೇಳುತ್ತೇನೆ.